ಊರೂರಿನ ಬಿಯರ್: ಎಲ್ಲಿ ಏನು ಕೇಳಬೇಕು, ಯಾವುದನ್ನು ಅಲ್ಲೇ ಕುಡಿದು ಮುಗಿಸಬೇಕು

ದಾರಿಬುತ್ತಿ

ಪ್ರವಾಸದಲ್ಲಿ ಆಯಾ ಊರಿನ ಬಿಯರನ್ನೇ ಕುಡಿಯಬೇಕು ಅನ್ನುವವರಿಗೆ ಕೆಲಸಕ್ಕೆ ಬರುವ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಈ ಎಳೆ. "ಅಲ್ಲಿನ ಬಿಯರ್ ಸೂಪರ್" ಥರದ ಮಾತು ಬೇಡ. ಯಾವ ಊರಲ್ಲಿ ಏನು ಕೇಳಬೇಕು, ಲೋಟ ಎಷ್ಟು ದೊಡ್ಡದು, ಕುಡಿಯುವ ಕ್ರಮ ಏನು, ಕೆಟ್ಟದ್ದು ಬಂದರೆ ಗೊತ್ತಾಗುವುದು ಹೇಗೆ, ಮನೆಗೆ ತರಲು ಯಾವುದು ಯೋಗ್ಯ ಅನ್ನುವುದು ಬೇಕು. ಊರಿಗೆ ಒಂದೆರಡು ಸಂಜೆ ಮಾತ್ರ ಸಿಗುತ್ತವೆ ಅಂತಿಟ್ಟುಕೊಂಡು ಬರೆಯಿರಿ. ಮೊದಲು ಜರ್ಮನಿಯ ಕಲೋನ್, ಬಾಂಬರ್ಗ್, ಜೆಕ್ ದೇಶದ ಪಿಲ್ಸೆನ್, ಬೆಲ್ಜಿಯಂನ ಬ್ರಸೆಲ್ಸ್, ಇಂಗ್ಲೆಂಡ್. ಆಮೇಲೆ ಉಳಿದ ಖಂಡಗಳು.

ನೊರೆಗಾರ

ಊರಿನ ಪಟ್ಟಿಗೆ ಮುಂಚೆ ಒಂದು ವಿಂಗಡಣೆ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬಿಯರ್‌ಗಳಲ್ಲಿ ಪ್ರಯಾಣ ತಡೆಯುವವು ಮತ್ತು ತಡೆಯದವು ಅಂತ ಎರಡು ಜಾತಿ.

ತಡೆಯದವು: ಪಿಲ್ಸೆನ್ನಿನ ಟ್ಯಾಂಕ್ ಬಿಯರ್, ಇಂಗ್ಲೆಂಡಿನ ಕ್ಯಾಸ್ಕ್ ಏಲ್, ಕಲೋನ್‌ನ ಮರದ ಪೀಪಾಯಿಯ ಕೋಲ್ಶ್, ಹನೋಯ್‌ನ ಬಿಯಾ ಹೋಯಿ, ಫಿನ್ಲೆಂಡಿನ ಸಾಹ್ತಿ. ಇವಕ್ಕೆ ಪಾಶ್ಚರೀಕರಣ ಇಲ್ಲ, ಆಲ್ಕೋಹಾಲ್ ಹೆಚ್ಚಿನವಲ್ಲಿ ಕಡಿಮೆ. ಆಮ್ಲಜನಕ ತಗುಲಿದ ಗಳಿಗೆಯಿಂದ ಇಳಿಯತೊಡಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಹಳಸುವ ವೇಗ ಎರಡು-ಮೂರು ಪಟ್ಟಾಗುತ್ತದೆ. ಹೀಗಾಗಿ ಇದೇ ಹೆಸರಿನ ಬಾಟಲಿ ಬೇರೆ ಖಂಡದಲ್ಲಿ ಸಿಕ್ಕರೂ ಅದು ಬೇರೆಯೇ ಪಾನೀಯ.

ತಡೆಯುವವು: ಬೆಲ್ಜಿಯಂನ ಹುಳಿ ಬಿಯರ್ ಗ್ಯೂಜ್, ಅಲ್ಲಿನ ಮಠಗಳ ಓರ್ವಾಲ್, ರೋಶ್‌ಫೋರ್, ಬಾಲ್ಟಿಕ್ ಸೀಮೆಯ ಗಟ್ಟಿ ಕಪ್ಪು ಬಿಯರ್ ಬಾಲ್ಟಿಕ್ ಪೋರ್ಟರ್. ಹುಳಿ, ಹೆಚ್ಚಿನ ಆಲ್ಕೋಹಾಲ್, ಬಾಟಲಿಯೊಳಗೇ ಬದುಕಿರುವ ಯೀಸ್ಟ್, ಇವುಗಳಲ್ಲಿ ಒಂದೋ ಎರಡೋ ಇವನ್ನು ಕಾಯುತ್ತದೆ.

ಸಂಜೆಗಳು ಕಡಿಮೆ ಇದ್ದರೆ ಅವೆಲ್ಲ ಮೊದಲ ಗುಂಪಿಗೆ. ಎರಡನೆಯ ಗುಂಪನ್ನು ಅಂಗಡಿಯಲ್ಲಿ ಕೊಂಡು ಚೀಲಕ್ಕೆ ಹಾಕಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ: ಬ್ರಸೆಲ್ಸ್‌ನಲ್ಲಿ ಕೂತು ಎಲ್ಲೆಡೆ ಸಿಗುವ ಟ್ರಾಪಿಸ್ಟ್ (ಮಠದಲ್ಲಿ ತಯಾರಾದ) ಬಾಟಲಿ ಕುಡಿದು, ಪಿಲ್ಸೆನ್ನಿನಿಂದ ಹಸಿರು ಬಾಟಲಿ ಹೊತ್ತು ತರುತ್ತಾರೆ.

ಇನ್ನೊಂದು ಮಾತು. ಲೇಬಲ್ ಮೇಲೆ ಊರಿನ ಹೆಸರಿದ್ದ ಮಾತ್ರಕ್ಕೆ ಅಲ್ಲಿ ತಯಾರಾಗಿದೆ ಅಂತಲ್ಲ. ಪರವಾನಗಿ ಮೇಲೆ ಬೇರೆ ದೇಶದಲ್ಲಿ ಬೇಯಿಸುವ ಬ್ರ್ಯಾಂಡುಗಳು ಹೇರಳ. ಹಿಂಬದಿಯ ಸಣ್ಣ ಅಕ್ಷರದಲ್ಲಿ ತಯಾರಿಕೆಯ ವಿಳಾಸ ಇರುತ್ತದೆ, ಓದಿ.

ಅರ್ಧಲೋಟ

ಕಲೋನ್: ಕೋಲ್ಶ್ ಬರುವುದು 0.2 ಲೀಟರಿನ ನೇರ ಸಪೂರ ಲೋಟದಲ್ಲಿ. ಬಿಯರ್ ಹಾಲ್‌ನಲ್ಲಿ ಕೂತರೆ ಸಾಕು, ಕ್ಯೋಬೆಸ್ ಅಂತ ಕರೆಯುವ ಪರಿಚಾರಕ ದುಂಡು ತಟ್ಟೆಯಲ್ಲಿ ಲೋಟಗಳನ್ನು ಹೊತ್ತು ಬರುತ್ತಾನೆ. ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು ಕೋಸ್ಟರ್ (ಲೋಟದಡಿಯ ರಟ್ಟಿನ ಬಿಲ್ಲೆ) ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಸಾಕು ಅನ್ನಿಸಿದರೆ ಕೋಸ್ಟರನ್ನು ಲೋಟದ ಬಾಯಿಗೆ ಮುಚ್ಚಿಡಬೇಕು. ಬಾಯಲ್ಲಿ ಬೇಡ ಅಂದರೂ ಕೋಸ್ಟರ್ ಮುಚ್ಚದಿದ್ದರೆ ಬರುತ್ತಲೇ ಇರುತ್ತದೆ. ಆ ಗೆರೆಗಳೇ ಬಿಲ್ಲು, ಕೋಸ್ಟರ್ ಕಳೆದುಕೊಳ್ಳಬೇಡಿ.

ಲೋಟ ಚಿಕ್ಕದಾಗಿರುವುದು ಜಿಪುಣತನದಿಂದಲ್ಲ. ಕೋಲ್ಶ್‌ನ ನೊರೆ ಬೇಗ ಇಳಿಯುತ್ತದೆ, ಹತ್ತು ನಿಮಿಷ ಬಿಟ್ಟರೆ ಸಪ್ಪೆ. ಫ್ರ್ಯೂ, ಪೆಫ್‌ಗೆನ್ ಥರದ ಹಳೇ ಮನೆಗಳಲ್ಲಿ ಪೀಪಾಯಿಯನ್ನು ಮೇಜಿನೆತ್ತರಕ್ಕೆ ಇಟ್ಟು ಗುರುತ್ವದಿಂದಲೇ ಇಳಿಸುತ್ತಾರೆ, ಗ್ಯಾಸಿನ ಒತ್ತಡ ಇಲ್ಲ. ನಲ್ಲಿಯ ಕೋಲ್ಶ್‌ಗೂ ಅದಕ್ಕೂ ಇರುವ ವ್ಯತ್ಯಾಸ ಮೊದಲ ಗುಟುಕಿಗೇ ಗೊತ್ತಾಗುತ್ತದೆ. 1986ರ ಕೋಲ್ಶ್ ಒಪ್ಪಂದದ ಪ್ರಕಾರ ಈ ಹೆಸರು ಕಲೋನ್ ಮತ್ತು ಸುತ್ತಲಿನ ತಯಾರಕರಿಗೆ ಮಾತ್ರ. 1997ರಿಂದ ಯುರೋಪಿಯನ್ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ಇದೆ.

ಅರ್ಧ ಗಂಟೆಯ ರೈಲು ದೂರದ ಡ್ಯೂಸೆಲ್‌ಡಾರ್ಫ್‌ನಲ್ಲಿ ಆಲ್ಟ್: ತಾಮ್ರದ ಬಣ್ಣ, ಕಹಿ ಜಾಸ್ತಿ. ಊರಿಗಿ, ಫ್ಯುಕ್ಸ್‌ಶೆನ್, ಶ್ಲ್ಯೂಸೆಲ್, ಶೂಮಾಖರ್ ಅನ್ನುವ ಆಲ್ಟ್ ಮನೆಗಳೆಲ್ಲವೂ ಊರೊಳಗೇ. ಒಂದೊಂದರಲ್ಲಿ ಒಂದೊಂದು ಲೋಟ ಹಾಕಿದರೂ ಒಂದು ಸಂಜೆಗೆ ಮುಗಿಯುತ್ತದೆ. ಕಹಿಯಲ್ಲಿ ಊರಿಗಿಯೇ ಮುಂದು, ಅದನ್ನು ಕೊನೆಗಿಟ್ಟುಕೊಳ್ಳಿ. ಮೊದಲೇ ಕುಡಿದರೆ ಮಿಕ್ಕ ಮೂರೂ ಸಪ್ಪೆ ಅನ್ನಿಸುತ್ತವೆ. ಅಲ್ಲಿ ಕೂತು ಕೋಲ್ಶ್ ಕೇಳಬೇಡಿ, ಎರಡೂ ಊರಿನ ನಡುವಿನ ಜಗಳ ತಮಾಷೆಯದ್ದಾದರೂ ಪರಿಚಾರಕರ ನಾಲಗೆ ಹರಿತ.

ಹೊಗೆಸೊಪ್ಪು

ಬಾಂಬರ್ಗ್ ನನ್ನ ಪಾಲಿಗಿರಲಿ. ಬೀಚ್ ಮರದ ಬೆಂಕಿಯ ಹೊಗೆಯಲ್ಲೇ ಒಣಗಿಸಿದ ಮಾಲ್ಟ್‌ನಿಂದ (ಮೊಳಕೆ ಬರಿಸಿದ ಬಾರ್ಲಿಯಿಂದ) ಮಾಡುವ ರೌಖ್‌ಬಿಯರ್. ಒಂದು ಕಾಲಕ್ಕೆ ಮಾಲ್ಟನ್ನು ನೇರ ಬೆಂಕಿಯಲ್ಲಿ ಒಣಗಿಸುವುದೇ ಸಾಮಾನ್ಯವಾಗಿತ್ತು, ಹೊಗೆ ತಗುಲದ ಒಲೆಗಳು ಬಂದ ಮೇಲೆ ಬೇರೆಡೆ ಆ ರುಚಿ ಅಳಿಯಿತು. ಇಲ್ಲಿ ಶ್ಲೆಂಕೆರ್ಲಾ ಮತ್ತು ಶ್ಪೆತ್ಸಿಯಾಲ್ ಅನ್ನುವ ಇಬ್ಬರು ತಯಾರಕರೂ ಇಂದಿಗೂ ತಮ್ಮ ಮಾಲ್ಟನ್ನು ತಾವೇ ಹೊಗೆ ಹಾಕಿ ಮಾಡಿಕೊಳ್ಳುತ್ತಾರೆ.

ಶ್ಲೆಂಕೆರ್ಲಾದ ಹೊಗೆ ಬಿಯರ್ ಮೇರ್ಟ್ಸೆನ್‌ನಲ್ಲಿ ಆಲ್ಕೋಹಾಲ್ ಶೇ. 5.1, ಅರ್ಧ ಲೀಟರಿನ ಲೋಟ. ಮೊದಲ ಗುಟುಕಿಗೆ ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲ್ಲಿಗೇ ಲೋಟ ತಳ್ಳಿ ಎದ್ದು ಹೋಗುವವರೇ ಹೆಚ್ಚು. ಮೂಗು ಒಂದೇ ವಾಸನೆಗೆ ಒಗ್ಗಿಕೊಳ್ಳುವುದಕ್ಕೆ ಕಾಲು ಗಂಟೆ ಬೇಕು, ಆಮೇಲೆ ಕೆಳಗಿನ ಮಾಲ್ಟ್ ಸಿಹಿ, ಕಹಿ ಎಲ್ಲ ಮೇಲೇಳುತ್ತವೆ. ಹೊಗೆಯ ಭಯ ಇದ್ದರೆ ಶ್ಪೆತ್ಸಿಯಾಲ್‌ನಿಂದ ಶುರು ಮಾಡಿ, ಅದು ಮೆದು. ಹೊಗೆಯೇ ಬೇಡ ಅಂದರೆ ಮಾರ್ಸ್ ಬ್ರೌಗೆ ಹೋಗಿ ಬರೀ "ಆ ಊ" ಅನ್ನಿ. ಮುಚ್ಚಿದ ತೊಟ್ಟಿಯ ಒತ್ತಡ ಇಲ್ಲದೆ ಮಾಗಿದ, ಗ್ಯಾಸ್ ಕಡಿಮೆ ಇರುವ, ಶೋಧಿಸದ ಬಿಯರ್ ಬರುತ್ತದೆ.

ಬವೇರಿಯಾದಲ್ಲೆಲ್ಲ ಉಪಯೋಗಕ್ಕೆ ಬರುವ ಎರಡು ಮಾತು. "ಸ್ಟಾಮ್‌ಟಿಶ್" ಫಲಕ ಇರುವ ಮೇಜು ಕಾಯಂ ಗಿರಾಕಿಗಳದ್ದು, ಖಾಲಿ ಇದ್ದರೂ ಕೂರುವಂತಿಲ್ಲ. ಬಿಯರ್ ಗಾರ್ಡನ್‌ನಲ್ಲಿ ಮೇಜುಬಟ್ಟೆ ಹಾಸದ ಜಾಗದಲ್ಲಿ ನಿಮ್ಮ ಬುತ್ತಿ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು.

ಮಾಲ್ಟ್‌ಮಾತು

ಪಿಲ್ಸೆನ್ ಬಗ್ಗೆ ಉದ್ದಕ್ಕೆ ಬರೆಯುತ್ತೇನೆ. ಇಲ್ಲಿ ಬಿಯರ್‌ಗಿಂತ ಸುರಿಯುವ ಕೈ ದೊಡ್ಡದು.

1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವ ಬವೇರಿಯನ್ ತಯಾರಕ ಇಲ್ಲಿ ಮೊದಲ ಹೊಂಬಣ್ಣದ ಪಿಲ್ಸ್ನರ್ ಮಾಡಿದ. ಅದಕ್ಕೆ ಈ ಊರಿನ ತೀರಾ ಮೆದು ನೀರು ಮತ್ತು ಜಾಟೆಟ್ಸ್ ಸೀಮೆಯ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂ) ಕಾರಣ. ಖನಿಜ ಕಡಿಮೆ ಇದ್ದರೆ ಕಹಿ ಒರಟಾಗದೆ ದುಂಡಗೆ ನಿಲ್ಲುತ್ತದೆ.

ಹುಡುಕಬೇಕಾದ್ದು "ಟ್ಯಾಂಕೊವ್ನಾ" ಫಲಕ. ಪಾಶ್ಚರೀಕರಿಸದ ಬಿಯರ್ ಲಾರಿಯಲ್ಲಿ ಬಂದು ದೊಡ್ಡ ಉಕ್ಕಿನ ಟ್ಯಾಂಕಿನೊಳಗಿನ ಚೀಲಕ್ಕೆ ಇಳಿಯುತ್ತದೆ. ಗಾಳಿ ಆ ಚೀಲವನ್ನು ಹೊರಗಿನಿಂದ ಒತ್ತುತ್ತದೆ. ಬಿಯರಿಗೆ ಹೊರಗಿನ ಗಾಳಿಯೂ ತಗುಲುವುದಿಲ್ಲ, ಗ್ಯಾಸೂ ಸೇರುವುದಿಲ್ಲ. ಕೆಗ್‌ನ (ಗ್ಯಾಸ್ ಒತ್ತಡದ ಲೋಹದ ಪೀಪಾಯಿಯ) ಬಿಯರ್ ಹೊಟ್ಟೆಯುಬ್ಬರ ತರುತ್ತದೆ ಅನ್ನುವವರಿಗೆ ಇದು ಹಗುರ ಅನ್ನಿಸುತ್ತದೆ.

ಸುರಿಯುವುದು ಮೂರು ಬಗೆ, ಬೇಕಾದ್ದನ್ನು ಹೆಸರಿಟ್ಟು ಕೇಳಬಹುದು. ಹ್ಲಾದಿಂಕಾ: ಮೇಲೆ ಮೂರು ಬೆರಳು ದಪ್ಪದ ಒದ್ದೆ ನೊರೆ, ಕೆಳಗೆ ಬಿಯರ್. ಇದೇ ಮಾಮೂಲು. ಶ್ನಿತ್: ಬಿಯರಿಗಿಂತ ನೊರೆ ಹೆಚ್ಚು, ಅಳತೆ ಕಡಿಮೆ ಬೇಕಾದಾಗ. ಮ್ಲೀಕೊ: ಲೋಟದ ತುಂಬ ಬರೀ ಒದ್ದೆ ನೊರೆ, ಒಂದೇ ಏಟಿಗೆ ಕುಡಿಯಬೇಕು, ನಿಂತರೆ ಒಡೆದು ಸಪ್ಪೆ ನೀರಾಗುತ್ತದೆ. ಅಡ್ಡ ತಿರುಗಿಸುವ ನಲ್ಲಿಯಿಂದ ನೊರೆಯನ್ನು ಮೊದಲೇ ಇಳಿಸಿ, ಅದರ ಅಡಿಯಿಂದ ಬಿಯರ್ ತುಂಬುತ್ತಾರೆ. ನೊರೆಯ ಮುಚ್ಚಳದ ಕೆಳಗೆ ತುಂಬಿದ ಬಿಯರ್ ಗಾಳಿಗೆ ತೆರೆದುಕೊಳ್ಳುವುದೇ ಇಲ್ಲ, ಕೊನೆಯ ಗುಟುಕಿನವರೆಗೂ ತಾಜಾ ಇರುತ್ತದೆ. "ನೊರೆ ತೆಗೆದು ತುಂಬ ಹಾಕಿ" ಅನ್ನುವುದು ಇಲ್ಲಿ ನಿಮಗೇ ನಷ್ಟ.

ಬೋರ್ಡಿನ ಮೇಲಿನ 10, 11, 12 ಆಲ್ಕೋಹಾಲಿನ ಶೇಕಡ ಅಲ್ಲ, ಹುದುಗುವ ಮುಂಚಿನ ಸಕ್ಕರೆಯ ಸಾಂದ್ರತೆ. ಹತ್ತು ಅಂದರೆ ಸುಮಾರು ಶೇ. 4, ಹನ್ನೆರಡು ಅಂದರೆ ಶೇ. 5ರ ಆಸುಪಾಸು. ಮಧ್ಯಾಹ್ನಕ್ಕೆ ಹತ್ತು ಕೇಳಿ.

ತಯಾರಿಕಾ ಘಟಕದ ಪ್ರವಾಸದ ಕೊನೆಗೆ ನೆಲಮಾಳಿಗೆಯಲ್ಲಿ ಓಕ್ ಪೀಪಾಯಿಯಿಂದ ಶೋಧಿಸದ್ದನ್ನು ಕೊಡುತ್ತಾರೆ. ಪ್ರವಾಸಿಗಳ ಗುಂಪಿನ ಜತೆ ಹೋಗುವುದು ಕಿರಿಕಿರಿಯಾದರೂ ಆ ಲೋಟಕ್ಕಾಗಿ ಹೋಗಬೇಕು. ಆಮೇಲೆ ವಾಹನ ಮುಟ್ಟುವಂತಿಲ್ಲ: ಜೆಕ್ ದೇಶದಲ್ಲಿ ಕಾರು ಓಡಿಸುವವರಿಗೆ ಮಿತಿ ಶೂನ್ಯ. ಹಂಗೇರಿ, ಸ್ಲೊವಾಕಿಯಾ, ರೊಮೇನಿಯಾಗಳಲ್ಲೂ ಹೀಗೇ.

ಹುಳಿಮಜ್ಜಿಗೆ

ಬ್ರಸೆಲ್ಸ್‌ಗೆ ಹೋದವರು ಲ್ಯಾಂಬಿಕ್ ಬಿಟ್ಟು ಬರಬಾರದು. ಬೇಯಿಸಿದ ರಸವನ್ನು ಅಗಲವಾದ ತೆರೆದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿನ, ಮರದಲ್ಲಿನ ಕಾಡು ಯೀಸ್ಟು, ಬ್ಯಾಕ್ಟೀರಿಯಾಗಳೇ ಹುದುಗಿಸಬೇಕು, ಬೇರೆ ಹೆಪ್ಪು ಹಾಕುವುದಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ತಂಪು ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಬೇಸಿಗೆಯ ರಾತ್ರಿ ರಸ ನಿಧಾನಕ್ಕೆ ಆರುತ್ತದೆ, ಬೇಡದ ಜೀವಿಗಳು ಮೊದಲು ಹತ್ತಿಕೊಳ್ಳುತ್ತವೆ.

ಬರೀ ಲ್ಯಾಂಬಿಕ್ ಕೇಳಿದರೆ ಗ್ಯಾಸೇ ಇರುವುದಿಲ್ಲ, ನೊರೆ ಇಲ್ಲ. ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಯಲ್ಲೇ ಮತ್ತೆ ಹುದುಗಿಸಿದರೆ ಗ್ಯೂಜ್, ಅದಕ್ಕೆ ಉಕ್ಕು ಬರುತ್ತದೆ. ಹುಳಿ ಚೆರ್ರಿ ಹಾಕಿ ನೆನೆಸಿದರೆ ಕ್ರೀಕ್.

ಕೊಳ್ಳುವಾಗ ಲೇಬಲ್ ಮೇಲೆ "ಔಡೆ" ಅಂತ ಇದೆಯೇ ನೋಡಿ. 1997ರಿಂದ ಔಡೆ ಗ್ಯೂಜ್ ಯುರೋಪಿಯನ್ ಒಕ್ಕೂಟದ ರಕ್ಷಿತ ಹೆಸರು, ಸಿಹಿ ಬೆರೆಸುವಂತಿಲ್ಲ. ಆ ಪದ ಇಲ್ಲದ ಗ್ಯೂಜ್, ಕ್ರೀಕ್‌ಗಳಲ್ಲಿ ಸಿಹಿ ಹಾಕಿರುವ ಸಾಧ್ಯತೆ ಜಾಸ್ತಿ. ಪ್ರವಾಸಿ ಬೀದಿಗಳಲ್ಲಿ ಸಿಗುವ ಗುಲಾಬಿ ಬಣ್ಣದ ಸಿಹಿ ಪಾನೀಯ ಅದೇ. ಅದನ್ನು ಕುಡಿದು "ಲ್ಯಾಂಬಿಕ್ ನೋಡಾಯ್ತು" ಅಂದರೆ ನೋಡಿಲ್ಲ ಅಂತಲೇ ಅರ್ಥ. ಆಂಡರ್‌ಲೆಕ್ಟ್‌ನ ಕಾಂತಿಯೋನ್ 1900ರಲ್ಲಿ ಶುರುವಾದ ಮನೆ, ಒಳಗೆ ಹೋಗಿ ತೊಟ್ಟಿ, ಪೀಪಾಯಿ ಎಲ್ಲ ನೋಡಬಹುದು. ಸಮಯ ಇದ್ದರೆ ಬೇರ್ಸೆಲ್‌ನ ದ್ರೀ ಫೊಂಟೈನೆನ್, ಲೆಂಬೇಕ್‌ನ ಬೋನ್.

ಹಾಪ್ಸ್‌ಹರಟೆ

ಸ್ವಲ್ಪ ತಕರಾರು ಇದೆ. ಬೆಲ್ಜಿಯಂಗೆ ಹೋಗುವವರೆಲ್ಲ ಮಠವೊಂದರ ಬಿಯರ್ ವೆಸ್ಟ್‌ವ್ಲೆಟೆರನ್ 12ರ ಹಿಂದೆ ಬೀಳುತ್ತಾರೆ. ಅದು ಸಿಗುವ ಖಾತ್ರಿ ಜಾಗ ಮಠದ ಎದುರಿನ ಇನ್ ಡೆ ವ್ರೇಡೆ ಕೆಫೆ, ಹಳ್ಳಿ ಮೂಲೆ, ಬಸ್ಸಿನ ವ್ಯವಸ್ಥೆ ಅಷ್ಟಕ್ಕಷ್ಟೆ. ಒಂದು ಇಡೀ ದಿನ ಹೋಗುತ್ತದೆ. ಬ್ರಸೆಲ್ಸ್‌ನ ಅಂಗಡಿಗಳಲ್ಲಿ ಮರುಮಾರಾಟದ ಬಾಟಲಿ ಹಲವು ಪಟ್ಟು ಬೆಲೆಗೆ ಇಟ್ಟಿರುತ್ತಾರೆ. ಅದೇ ಶೈಲಿಯ ರೋಶ್‌ಫೋರ್ 10 ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ, ಕುಡಿದು ನೋಡಿದರೆ ಬೆಲೆಯ ವ್ಯತ್ಯಾಸಕ್ಕೆ ಸಮರ್ಥನೆ ಸಿಗುವುದಿಲ್ಲ. ಅಪರೂಪ ಅನ್ನುವುದು ಒಂದು ರುಚಿಯಲ್ಲ.

ಓರ್ವಾಲ್ ವಿಷಯದಲ್ಲಿ ಮಾತ್ರ ಬಾಟಲಿ ತುಂಬಿದ ದಿನಾಂಕ ನೋಡಿ. ಹೊಸತಾದರೆ ಹಾಪ್ಸ್ ಘಮ. ಆರು ತಿಂಗಳು ದಾಟಿದರೆ ಬ್ರೆಟನೊಮೈಸಿಸ್ ಯೀಸ್ಟ್ ಕೆಲಸ ಮಾಡಿ ಒಣ, ಮಣ್ಣು-ಚರ್ಮದ ವಾಸನೆ ಬರುತ್ತದೆ. ಕೆಲವು ಕೆಫೆಗಳಲ್ಲಿ ಎಳೆಯದೂ ಮಾಗಿದ್ದೂ ಎರಡೂ ಇರುತ್ತವೆ, ಕೇಳಿ ತರಿಸಿಕೊಳ್ಳಬಹುದು.

ದಾರಿಬುತ್ತಿ

ಬೆಲ್ಜಿಯಂನಲ್ಲಿ ಎಷ್ಟು ಕುಡಿದರೆ ಎಷ್ಟು ಅನ್ನುವ ಲೆಕ್ಕ ತಪ್ಪುತ್ತದೆ ಅಂತ ಕೇಳಿದ್ದೇನೆ. ಯಾರಾದರೂ ಸರಳ ಸೂತ್ರ ಕೊಡಿ.

ಅರ್ಧಲೋಟ

ಲೀಟರ್ × ಶೇಕಡ × 8 = ಆಲ್ಕೋಹಾಲ್ ಗ್ರಾಂಗಳಲ್ಲಿ. ನಿಖರವಾಗಿ 7.9, ಬಾಯಿಲೆಕ್ಕಕ್ಕೆ 8 ಸಾಕು.

ಕೋಲ್ಶ್ ಒಂದು ಲೋಟ (0.2 × 4.8) ಸುಮಾರು 8 ಗ್ರಾಂ. ಪಿಲ್ಸೆನ್ನಿನ ಪಿಲ್ಸ್ನರ್ ಉರ್ಕ್ವೆಲ್ ಅರ್ಧ ಲೀಟರ್ (0.5 × 4.4) 18 ಗ್ರಾಂ. ರೋಶ್‌ಫೋರ್ 10ರ ಪುಟ್ಟ ಬಾಟಲಿ (0.33 × 11.3) 30 ಗ್ರಾಂ. ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್ ಹಬ್ಬದ ಒಂದು ಲೀಟರ್ ಲೋಟ, ಅಂದರೆ ಮಾಸ್, ಶೇ. 6 ಅಂತಿಟ್ಟರೆ 48 ಗ್ರಾಂ. ಸರಾಸರಿ ದೇಹ ಗಂಟೆಗೆ 7-8 ಗ್ರಾಂ ಮಾತ್ರ ಕರಗಿಸುತ್ತದೆ. ಆ ಪುಟ್ಟ ಬಾಟಲಿಗೆ ನಾಲ್ಕು ಗಂಟೆ, ಮಾಸ್‌ಗೆ ಆರು. ರಾತ್ರಿ ಕುಡಿದು ಬೆಳಿಗ್ಗೆ ಬಾಡಿಗೆ ಕಾರು ಹತ್ತುವವರು ಈ ಲೆಕ್ಕ ಹಾಕಿಕೊಂಡೇ ಹತ್ತಬೇಕು. ಕಾಫಿ, ತಣ್ಣೀರು ಸ್ನಾನ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ.

ಪೀಪಾಯಿಕಾವಲು

ಇಂಗ್ಲೆಂಡಿನ ಕ್ಯಾಸ್ಕ್ ಏಲ್. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ, ಪಬ್‌ನ ನೆಲಮಾಳಿಗೆಯಲ್ಲೇ ಹುದುಗು ಮುಗಿಯುತ್ತದೆ. ಕೈಪಂಪಿನಿಂದ ಎಳೆದಷ್ಟೂ ಒಳಗೆ ಗಾಳಿ ಸೇರುತ್ತದೆ, ಹಾಗಾಗಿ ತೆರೆದ ಪೀಪಾಯಿಯ ಆಯುಸ್ಸು ಸುಮಾರು ಮೂರು ದಿನ. ಮಿಕ್ಕ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಜನವೇ ಇಲ್ಲದ ಪಬ್ಬಿನಲ್ಲಿ ಎಂಟು ಕೈಪಂಪ್ ಕಂಡರೆ ಹಿಗ್ಗಬೇಡಿ, ಮೂರು ದಿನದಲ್ಲಿ ಎಂಟು ಪೀಪಾಯಿ ಖಾಲಿಯಾಗುವುದಿಲ್ಲ. ಎರಡೇ ಪಂಪ್ ಇದ್ದು ಗಿಜಿಗುಡುವ ಪಬ್ ಮೇಲು. ಯಾವುದು ಬೇಗ ಖರ್ಚಾಗುತ್ತಿದೆ ಅಂತ ಕೌಂಟರ್‌ನಲ್ಲಿ ಕೇಳಿ. ರುಚಿ ನೋಡಲು ಒಂದು ಗುಟುಕು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಪೈಂಟ್ ಅಂದರೆ 568 ಮಿಲಿ, ಅರ್ಧ ಪೈಂಟ್ 284. ಹೊಸ ಪಬ್‌ಗೆ ಅರ್ಧವೇ ಸರಿ. ಕೌಂಟರ್‌ಗೆ ಹೋಗಿ ಕೇಳಿ, ಅಲ್ಲೇ ಹಣ ಕೊಟ್ಟು ತರಬೇಕು, ಮೇಜಿನಲ್ಲಿ ಕೂತು ಕಾದರೆ ಯಾರೂ ಬರುವುದಿಲ್ಲ.

ಇದು 11-13 ಡಿಗ್ರಿಯಲ್ಲಿ ಬರಬೇಕು. ಬೆಚ್ಚಗಿದೆ ಅಂತ ದೂರುವವರು ಐಸ್ ತಣ್ಣಗಿನ ಲಾಗರ್‌ಗೆ (ತಂಪಿನಲ್ಲಿ ಹುದುಗಿಸಿದ ಬಿಯರಿಗೆ) ಹೋಲಿಸುತ್ತಿರುತ್ತಾರೆ. 4 ಡಿಗ್ರಿಗೆ ಇಳಿಸಿದರೆ ಶೇ. 3.8ರ ಬಿಟರ್‌ನಲ್ಲಿ (ಅಲ್ಲಿನ ಮಾಮೂಲು ಏಲ್‌ನಲ್ಲಿ) ರುಚಿಯೇ ಉಳಿಯುವುದಿಲ್ಲ. ಆದರೆ 16-17 ಡಿಗ್ರಿ ಆಗಿದ್ದರೆ, ಹುಳಿ ವಿನೆಗರ್ ವಾಸನೆ ಇದ್ದರೆ ವಾಪಸ್ ಕೊಡಿ. ಗೊಣಗದೆ ಬದಲಿಸುವ ಪಬ್ ಒಳ್ಳೆಯ ಪಬ್. ಕ್ಯಾಸ್ಕ್ ಏಲ್ ಉಳಿಸಲು 1971ರಲ್ಲಿ ಶುರುವಾದ ಕ್ಯಾಮ್ರಾ ಸಂಘಟನೆಯ ಗುಡ್ ಬಿಯರ್ ಗೈಡ್ ನೋಡಿಕೊಂಡು ಹೋದರೆ ಪೆಟ್ಟು ತಿನ್ನುವುದು ಕಡಿಮೆ.

ಹಸಿರುತಟ್ಟೆ

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಕ್ಯಾಸ್ಕ್ ಏಲ್ ತಿಳಿಯಾಗಿಸಲು ಬಹಳ ಕಡೆ ಐಸಿಂಗ್ಲಾಸ್ ಬಳಸುತ್ತಾರೆ, ಅದು ಮೀನಿನ ಗಾಳಿಚೀಲದಿಂದ ತೆಗೆದದ್ದು. "ಅನ್‌ಫೈನ್ಡ್" ಅಂತ ಬರೆದಿದ್ದರೆ ಅದಿಲ್ಲ, ಮಬ್ಬಾಗಿರುವುದು ಸಹಜ. ಗಿನ್ನಿಸ್ ಈಗ ಐಸಿಂಗ್ಲಾಸ್ ಬಿಟ್ಟಿದೆ. ಮಿಲ್ಕ್ ಸ್ಟೌಟ್ ಅನ್ನುವ ಕಪ್ಪು ಬಿಯರ್‌ನಲ್ಲಿ ಹಾಲಿನ ಸಕ್ಕರೆ ಇರುತ್ತದೆ, ವೀಗನ್ನರು ಗಮನಿಸಿ.

ನೊರೆಗಾರ

ಈಗ ಕೆಟ್ಟದ್ದರ ಗುರುತು. ಎಲ್ಲ ದೇಶಕ್ಕೂ ಅನ್ವಯ.

ಸುಟ್ಟ ರಬ್ಬರ್ ಥರದ, ಮೂಗಿಗೆ ಚುಚ್ಚುವ ವಾಸನೆ: ಬೆಳಕು ಬಿದ್ದಿದೆ. ಹಾಪ್ಸ್‌ನ ಕಹಿ ಅಂಶ ಬೆಳಕಿನಲ್ಲಿ ಒಡೆದು ಗಂಧಕದ ಸಂಯುಕ್ತ ಆಗುತ್ತದೆ. ಪಾರದರ್ಶಕ ಬಾಟಲಿಗೆ ನೇರ ಬಿಸಿಲಲ್ಲಿ ಕೆಲವೇ ನಿಮಿಷ ಸಾಕು, ಹಸಿರು ಬಾಟಲಿ ಅದಕ್ಕಿಂತ ಬಹಳ ವಾಸಿಯೇನಲ್ಲ. ಕಂದು ಬಾಟಲಿ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಅಂಗಡಿಯ ಕಿಟಕಿಯಲ್ಲಿ, ಟ್ಯೂಬ್‌ಲೈಟ್ ಕೆಳಗೆ ಇಟ್ಟದ್ದನ್ನು ಬಿಟ್ಟು ಒಳಗಿನ ಪೆಟ್ಟಿಗೆಯದ್ದು ಕೇಳಿ.

ಒದ್ದೆ ರಟ್ಟಿನ ವಾಸನೆ: ಆಮ್ಲಜನಕದಿಂದ ಹಳಸಿದೆ. ದೂರದಿಂದ ಬಂದ ಲಾಗರ್‌ಗಳಲ್ಲಿ ಇದೇ ಹೆಚ್ಚು.

ನಲ್ಲಿಯ ಬಿಯರ್‌ನಲ್ಲಿ ಬೆಣ್ಣೆ ಅಥವಾ ವಿನೆಗರ್ ವಾಸನೆ: ಪೈಪು ತೊಳೆದಿಲ್ಲ. ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಅದೇ ಬಾರ್‌ನಲ್ಲಿ ಬೇರೆ ನಲ್ಲಿಯದ್ದು ಕೇಳಿ ಫಲವಿಲ್ಲ, ಎಲ್ಲ ಪೈಪೂ ಒಂದೇ ಕೈ ತೊಳೆಯುವುದು. ಬಾಟಲಿಗೆ ಇಳಿಯಿರಿ ಇಲ್ಲ ಎದ್ದು ಹೊರಡಿ.

ಲೋಟದ ಒಳಗೋಡೆಗೆ ಗುಳ್ಳೆ ಅಂಟಿಕೊಂಡಿದ್ದರೆ ಲೋಟದಲ್ಲಿ ಜಿಡ್ಡಿದೆ. ಶುದ್ಧ ಲೋಟದಲ್ಲಿ ಗುಳ್ಳೆ ನೇರ ಮೇಲೇರುತ್ತವೆ, ಕುಡಿದಂತೆ ನೊರೆ ಬಳೆಬಳೆಯಾಗಿ ಉಳಿಯುತ್ತದೆ. ಫ್ರೀಜರ್‌ನಿಂದ ತೆಗೆದ ಲೋಟ ಬೇಡ ಅನ್ನಿ, ಒಳಗಿನ ಮಂಜು ಕರಗಿ ಬಿಯರ್ ನೀರಾಗುತ್ತದೆ.

ಮಾಲ್ಟ್‌ಮಾತು

ಒಂದು ತಿದ್ದುಪಡಿ: ಬೆಣ್ಣೆ ವಾಸನೆ ಎಲ್ಲೆಡೆ ದೋಷವಲ್ಲ. ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಅದರ ಎಳೆ ಸ್ವಲ್ಪ ಇರುವುದೇ ಗುಣ. ಬರ್ಟನ್ ಅಪಾನ್ ಟ್ರೆಂಟ್‌ನ ಏಲ್‌ಗಳಲ್ಲಿ ಮೊದಲಿಗೆ ಗಂಧಕ ಬಡಿಯುತ್ತದೆ, ಅಲ್ಲಿನ ನೀರಲ್ಲಿ ಜಿಪ್ಸಮ್ ಜಾಸ್ತಿ. ಬವೇರಿಯಾದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟಿನ ಕೆಲಸ, ಎಸೆನ್ಸ್ ಹಾಕಿದ್ದಲ್ಲ.

ಗೋಧಿ ಬಿಯರ್ ಬಾಟಲಿಯಲ್ಲಿ ಬಂದರೆ ಸುರಿಯುವುದು ಹೀಗೆ: ಎತ್ತರದ ಅರ್ಧ ಲೀಟರ್ ಲೋಟವನ್ನು ತಣ್ಣೀರಲ್ಲಿ ಅದ್ದಿ ಒದ್ದೆ ಮಾಡಿ, ಬಹಳ ಓರೆ ಹಿಡಿದು ಗೋಡೆಗುಂಟ ನಿಧಾನಕ್ಕೆ ಇಳಿಸಿ. ಎರಡು ಬೆರಳಷ್ಟು ಬಾಟಲಿಯಲ್ಲೇ ಉಳಿಸಿ, ಗಿರಗಿರ ತಿರುಗಿಸಿ ತಳದ ಗಸಿ ಎಬ್ಬಿಸಿ ಮೇಲೆ ಸುರಿಯಿರಿ. ಒಣ ಲೋಟಕ್ಕೆ ಸುರಿದರೆ ಮುಕ್ಕಾಲು ನೊರೆಯೇ.

ಕೋಳಿಕೂಗು

ಯುರೋಪ್ ಸಾಕು, ಬೇರೆಡೆಗೆ ಹೋಗೋಣ.

ಹನೋಯ್‌ನ ಬಿಯಾ ಹೋಯಿ: ಶೇ. 3-4ರ ಹಗುರ ಲಾಗರ್, ದಿನವೂ ಬೆಳಿಗ್ಗೆ ಕೆಗ್‌ಗಳಲ್ಲಿ ಬಂದು ಅಂದೇ ಮುಗಿಯಬೇಕು. ಹಸಿರು ಛಾಯೆಯ, ಗುಳ್ಳೆಗಳಿರುವ ಮರುಬಳಕೆ ಗಾಜಿನ ಲೋಟ ಇದರ ಗುರುತು. ಸಂಜೆ 5ರಿಂದ 7ರ ನಡುವೆ ಕುಡಿಯುವುದು ಸರಿ. ತಡವಾದರೆ ಕೆಗ್ ಖಾಲಿ, ಇಲ್ಲವೇ ತಳದ ಸಪ್ಪೆ ಬಿಯರ್. ಪ್ರವಾಸಿಗಳ ಗುಂಪೇ ಕಾಣುವ ತಾ ಹಿಯೆನ್ ಬೀದಿಗಿಂತ, ಕಚೇರಿ ಬಿಟ್ಟವರು ತಟ್ಟೆ ತುಂಬ ಕಡಲೆಕಾಯಿ ಇಟ್ಟುಕೊಂಡು ಕೂತ ಜಾಗ ಹುಡುಕಿ. ವಿಯೆಟ್ನಾಂನ ದಕ್ಷಿಣದಲ್ಲಿ ಲೋಟಕ್ಕೆ ಐಸ್ ಹಾಕುವುದು ರೂಢಿ, ಕಾರ್ಖಾನೆಯ ತೂತಿನ ಐಸ್ ಆದರೆ ಪರವಾಗಿಲ್ಲ, ಒಡೆದ ಚೂರಾದರೆ ಬೇಡ. 2020ರ ಜನವರಿಯಿಂದ ಅಲ್ಲಿ ಬೈಕು, ಸೈಕಲ್ ಓಡಿಸುವವರಿಗೂ ದಂಡ ಇದೆ, ಒಂದು ಲೋಟವೂ ಮಿತಿ ಮೀರಿದಂತೆ.

ಚೀನಾದ ಚಿಂಗ್‌ಡಾವ್: 1903ರ ತಯಾರಿಕಾ ಘಟಕದ ಸುತ್ತಲ ಬೀದಿಗಳಲ್ಲಿ ತಾಜಾ ಬಿಯರನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ತೂಕ ಹಾಕಿ ಕೊಡುತ್ತಾರೆ. ಸ್ಟ್ರಾ ಹಾಕಿ ಅರ್ಧ ಗಂಟೆಯೊಳಗೆ ಮುಗಿಸಿ.

ಪೆರುವಿನ ಕುಸ್ಕೊ ಸುತ್ತಲಿನ ಪವಿತ್ರ ಕಣಿವೆ: ಮನೆ ಮುಂದೆ ಕೋಲಿಗೆ ಕೆಂಪು ಬಟ್ಟೆಯೋ ಪ್ಲಾಸ್ಟಿಕ್ಕೋ ಕಟ್ಟಿದ್ದರೆ ಅಲ್ಲಿ ಚಿಚಾ ಇದೆ ಅಂತ. ಮೊಳಕೆ ಬರಿಸಿದ ಮೆಕ್ಕೆಜೋಳದಿಂದ ಮಾಡಿದ, ಆಲ್ಕೋಹಾಲ್ ಕಡಿಮೆ ಇರುವ ಹುಳಿ ಬಿಯರ್. ಗಂಟೆಗಟ್ಟಲೆ ಕುದಿಸುತ್ತಾರೆ, ಅಪಾಯ ಇರುವುದು ಆಮೇಲೆ ಬೆರೆಸುವ ನೀರಲ್ಲಿ ಮತ್ತು ಲೋಟ ತೊಳೆಯುವ ಬಕೆಟ್ಟಿನಲ್ಲಿ. ಹೊಟ್ಟೆ ಸೂಕ್ಷ್ಮ ಇದ್ದವರು ಅವತ್ತೇ ತೆಗೆದದ್ದು ಅಂತ ಖಾತ್ರಿ ಮಾಡಿಕೊಂಡು ಸ್ವಂತ ಲೋಟ ಒಯ್ಯಿರಿ. ಇಥಿಯೋಪಿಯಾದ ಟೆಲ್ಲಾಗೂ ಇದೇ ಎಚ್ಚರ. ಅದಕ್ಕೆ ಹಾಪ್ಸ್ ಬದಲು ಗೇಶೊ ಗಿಡದ ಎಲೆ, ಕಡ್ಡಿ ಕಹಿ ಕೊಡುತ್ತವೆ.

ಆಸ್ಟ್ರೇಲಿಯಾದಲ್ಲಿ ಲೋಟದ ಹೆಸರು ರಾಜ್ಯಕ್ಕೊಂದು. ಸ್ಕೂನರ್ ಅಂದರೆ ನ್ಯೂ ಸೌತ್ ವೇಲ್ಸ್‌ನಲ್ಲಿ 425 ಮಿಲಿ, ಸೌತ್ ಆಸ್ಟ್ರೇಲಿಯಾದಲ್ಲಿ 285. ಅದೇ 285ಕ್ಕೆ ವಿಕ್ಟೋರಿಯಾದಲ್ಲಿ ಪಾಟ್, ಸಿಡ್ನಿಯಲ್ಲಿ ಮಿಡಿ. ಅಡಿಲೇಡ್‌ನಲ್ಲಿ ಪೈಂಟ್ ಕೇಳಿದರೂ ಬರುವುದು 425.

ಉತ್ತರಧ್ರುವ

ನಾರ್ಡಿಕ್ ದೇಶಗಳಿಗೆ ಹೋಗುವವರು ಗಡಿಯಾರ ನೋಡಿಕೊಂಡು ಕೊಳ್ಳಬೇಕು. ನಾರ್ವೆಯ ದಿನಸಿ ಅಂಗಡಿಯಲ್ಲಿ ಶೇ. 4.7ರವರೆಗಿನದ್ದು ಮಾತ್ರ, ವಾರದ ದಿನ ರಾತ್ರಿ 8ಕ್ಕೆ, ಶನಿವಾರ ಸಂಜೆ 6ಕ್ಕೆ ಬಂದ್, ಭಾನುವಾರ ಇಲ್ಲ. ಸ್ವೀಡನ್‌ನಲ್ಲಿ ಶೇ. 3.5 ದಾಟಿದ್ದು ಬಹುಮಟ್ಟಿಗೆ ಸರ್ಕಾರಿ ಮದ್ಯದಂಗಡಿ ಸಿಸ್ಟಂಬೊಲಾಗೆಟ್‌ನಲ್ಲಿ, ಅದಕ್ಕೂ ಭಾನುವಾರ ರಜೆ. ಫಿನ್ಲೆಂಡಿನಲ್ಲಿ 2024ರಿಂದ ದಿನಸಿ ಅಂಗಡಿಗೆ ಶೇ. 8ರವರೆಗೆ ಅವಕಾಶ.

ಫಿನ್ಲೆಂಡಿನಲ್ಲಿ ಸಾಹ್ತಿ ಕೇಳಿ: ರೈ ಮತ್ತು ಬಾರ್ಲಿ ಮಾಲ್ಟ್, ಜೂನಿಪರ್ ಕೊಂಬೆ, ಬ್ರೆಡ್ ಯೀಸ್ಟ್. ರಸವನ್ನು ಕುದಿಸುವುದಿಲ್ಲವಾದ್ದರಿಂದ ಬೇಗ ಹುಳಿಯುತ್ತದೆ, ಫ್ರಿಜ್‌ನಲ್ಲಿ ಇಟ್ಟದ್ದೇ ಬೇಕು. ದಪ್ಪಗೆ, ಸಿಹಿಯಾಗಿ ಇರುತ್ತದೆ, ಗ್ಯಾಸ್ ಇಲ್ಲ, ಶೇ. 7-8 ಇದ್ದರೂ ನಾಲಗೆಗೆ ಗೊತ್ತಾಗುವುದಿಲ್ಲ. 0.2 ಲೀಟರ್ ಸಾಕು.

ದಾರಿಬುತ್ತಿ

ಕೊನೆಯದು: ಮನೆಗೆ ತರುವುದು.

ಪೀಪಾಯಿಕಾವಲು

ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೆ 100 ಮಿಲಿ ಮಿತಿ, ಹಾಗಾಗಿ ಚೆಕ್-ಇನ್ ಪೆಟ್ಟಿಗೆಯಲ್ಲೇ. ಶೇ. 24ಕ್ಕಿಂತ ಕಡಿಮೆ ಆಲ್ಕೋಹಾಲಿಗೆ ವಿಮಾನಯಾನದ ಅಪಾಯಕಾರಿ ವಸ್ತು ನಿಯಮದ ಪ್ರಮಾಣ ಮಿತಿ ಇಲ್ಲ. ನಿಮ್ಮನ್ನು ತಡೆಯುವುದು ಇಳಿಯುವ ದೇಶದ ಸುಂಕದ ಮಿತಿ ಮತ್ತು ತೂಕ. 330 ಮಿಲಿ ಗಾಜಿನ ಬಾಟಲಿ ತುಂಬಿದಾಗ 550-650 ಗ್ರಾಂ, ದಪ್ಪ ಗಾಜಿನ 750 ಮಿಲಿ ಗ್ಯೂಜ್ ಸುಮಾರು 1.6 ಕಿಲೊ.

ಒಂದೊಂದು ಬಾಟಲಿಗೂ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಕಾಲುಚೀಲ. ಪೆಟ್ಟಿಗೆಯ ನಟ್ಟನಡುವೆ ಇಡಿ, ಎಲ್ಲ ಬದಿಗೂ ಕನಿಷ್ಠ 5 ಸೆಂ.ಮೀ. ಬಟ್ಟೆ ಇರಲಿ. ಗಾಜು ಗಾಜಿಗೆ ತಾಗಬಾರದು, ಒಡೆಯುವುದು ಬಹುಮಟ್ಟಿಗೆ ಹೊರಗಿನ ಪೆಟ್ಟಿನಿಂದಲ್ಲ, ಒಂದಕ್ಕೊಂದು ಬಡಿದು. ಗಾಲಿಗಳ ಬದಿಗೆ ಇಡಬೇಡಿ, ಎಲ್ಲ ಏಟೂ ಅಲ್ಲೇ ಬೀಳುವುದು. ಬಾರ್‌ನ ನಲ್ಲಿಯಿಂದ ತುಂಬಿಸಿಕೊಂಡ ಗ್ರೌಲರ್ (ದೊಡ್ಡ ಬಾಟಲಿ) ತರಬೇಡಿ, ತುಂಬುವಾಗಲೇ ಗಾಳಿ ಸೇರಿರುತ್ತದೆ, ಎರಡನೇ ದಿನಕ್ಕೆ ಸಪ್ಪೆ. ಹಾಪ್ಸ್ ಘಮದ ಐಪಿಎ (ಇಂಡಿಯಾ ಪೇಲ್ ಏಲ್) ತರುವುದಾದರೆ ಕ್ಯಾನ್ ತುಂಬಿದ ದಿನಾಂಕ ಒಂದು ತಿಂಗಳೊಳಗಿನದ್ದಾಗಿರಲಿ.

ಬಂದ ಮೇಲೆ ಗಸಿ ಇರುವ ಬಾಟಲಿಗಳನ್ನು ನೇರ ನಿಲ್ಲಿಸಿ ಎರಡು-ಮೂರು ದಿನ ತಣ್ಣಗೆ, ಕತ್ತಲಲ್ಲಿ ಬಿಡಿ. ಅಲುಗಾಡಿದ ಗ್ಯೂಜ್ ಅವತ್ತೇ ತೆರೆದರೆ ಅರ್ಧ ಮೇಜಿನ ಮೇಲಿರುತ್ತದೆ.

ಕೋಳಿಕೂಗು

ಜರ್ಮನಿಯಲ್ಲಿ ಕುಡಿದ ಬಾಟಲಿ ಎಸೆಯಬೇಡಿ. ಮರುಬಳಕೆಯ ಸಾಮಾನ್ಯ ಬಿಯರ್ ಬಾಟಲಿಗೆ 8 ಸೆಂಟ್, ತಂತಿ ಮುಚ್ಚಳದ್ದಕ್ಕೆ 15, ಕ್ಯಾನ್‌ಗೆ 25 ಸೆಂಟ್ ಠೇವಣಿ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರ್‌ನಲ್ಲಿ ಹಣ.

ದಾರಿಬುತ್ತಿ

ಗ್ಯೂಜ್ ಎಷ್ಟು ವರ್ಷ ಇಡಬಹುದು? ಕ್ರೀಕ್ ಕೂಡ ಹಾಗೆಯೇ?

ಹುಳಿಮಜ್ಜಿಗೆ

ಔಡೆ ಗ್ಯೂಜ್‌ಗೆ 20 ವರ್ಷದ ಗಡುವು ಲೇಬಲ್ ಮೇಲೆಯೇ ಬರೆಯುವ ತಯಾರಕರಿದ್ದಾರೆ. 12-14 ಡಿಗ್ರಿಯ ಕತ್ತಲೆ ಜಾಗ ಇಲ್ಲದವರು ಅಷ್ಟು ಆಸೆ ಪಡುವುದು ಬೇಡ, ಎರಡು-ಮೂರು ವರ್ಷದಲ್ಲಿ ತೆರೆಯಿರಿ. ಕ್ರೀಕ್ ಹಾಗಲ್ಲ. ಕೆಡುವುದಿಲ್ಲ, ಆದರೆ ಚೆರ್ರಿಯ ಘಮ, ಬಣ್ಣ ಎರಡೂ ವರ್ಷದಿಂದ ವರ್ಷಕ್ಕೆ ಇಳಿಯುತ್ತವೆ, ಕೊನೆಗೆ ಉಳಿಯುವುದು ಬರೀ ಹುಳಿ. ಅದನ್ನು ತಂದ ವರ್ಷವೇ ಮುಗಿಸಿ.